ಬಾವ್ಕೆ ಬರೆದುಕೊಟ್ಟ ಹಾವಿನ ಚೀಟಿ

ಜರ್ಮನಿಯ ಹಾಮ್ ಊರಿನ ಹಾವಿನ ಮೇಳದಲ್ಲಿ ಹಾವು ಬೇಕೆಂದರೆ ನೂರಾರು ಮೇಜುಗಳಲ್ಲಿ ಸಿಗುತ್ತದೆ. ಬಾವ್ಕೆ ತೆರ್ಪ್ಸ್ತ್ರಾ ಬರೆದ ಚೀಟಿ ಬೇಕೆಂದರೆ ಮಾತ್ರ ಹಿಂದಿನ ಗೋಡೆಗೆ ತಾಗಿದ ಒಂದೇ ಒಂದು ಮೇಜಿಗೆ ಹೋಗಬೇಕು, ಅದೂ ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ. ಆಮೇಲೆ ಹೋದರೆ ಅವಳ ಗಂಡ ಸೀಟ್ಸೆ ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ತುರುಕುತ್ತ ಕೂತಿರುತ್ತಾನೆ. "ಮುಗೀತು ಸ್ವಾಮಿ, ಡಿಸೆಂಬರ್‌ಗೆ ಬನ್ನಿ" ಎನ್ನುತ್ತಾನೆ. ಎನ್ನುವಾಗ ಅವನ ಮುಖ ನೋಡಬೇಕು, ಹಾವುಗಳನ್ನು ತಾನೇ ಹೆತ್ತವನ ಹಾಗೆ!

ಚೀಟಿ ಎಂದರೆ ಏನು ಮಹಾ, ಅಂಗೈಯಗಲದ ದಪ್ಪ ಕಾಗದ. ಆದರೆ ಜೋಳದ ಹಾವು, ಅಂದರೆ ವಿಷವಿಲ್ಲದ ಅಮೆರಿಕದ ಕಾರ್ನ್ ಸ್ನೇಕ್, ಸಾಕುವವರಿಗೆ ಅದರ ಬೆಲೆ ಗೊತ್ತು. ಹೊರಗಿನಿಂದ ನೋಡಿದರೆ ಮರಿಗಳೆಲ್ಲ ಒಂದೇ: ಕಿತ್ತಳೆ ಮೈ, ಬೆನ್ನುದ್ದಕ್ಕೂ ಕಪ್ಪಂಚಿನ ಕೆಂಪು ಪಟ್ಟೆಗಳು. ಅಪ್ಪ ನೇರಳೆ ಬಣ್ಣದವನಾಗಿದ್ದರೆ ಆ ನೇರಳೆ ಮರಿಯ ರಕ್ತದಲ್ಲಿ ಯಾರಿಗೂ ಕಾಣದಂತೆ ಅಡಗಿ ಕೂತಿರುತ್ತದೆ. ಅಂಥ ಎರಡನ್ನು ಜೋಡಿ ಮಾಡಿದರೆ ಅವುಗಳ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು, ಬೂದಿಗೆ ನೇರಳೆ ಕಲಸಿದ ಬಣ್ಣ ಹೊತ್ತು, ಮೊಟ್ಟೆ ಸೀಳಿಕೊಂಡು ಬರುತ್ತದೆ. ಆ ದಿನ ಕಾಣಲು ಮೂರು ವರ್ಷ ಸಾಕಬೇಕು. ಅಲ್ಲಿಯತನಕ ಕೊಂಡವನ ಬಳಿ ಇರುವುದು ಒಂದು ಸಾಮಾನ್ಯ ಹಾವು ಮತ್ತು ಮಾರಿದವಳ ಮಾತು, ಅಷ್ಟೆ.

ಬಾವ್ಕೆ ಮೂರೇ ಮಾತು ಬರೆಯುವವಳು. ನೇರಳೆ ಒಳಗಿರುವುದು ನಿಶ್ಚಯವಾದರೆ ‘ಖಂಡಿತ’. ಬಂದಿರಲೂಬಹುದು, ಬಾರದೆಯೂ ಇರಬಹುದು ಎಂಬಂತಿದ್ದರೆ ‘ಇರಬಹುದು’. ಉಳಿದದ್ದಕ್ಕೆ ‘ಗೊತ್ತಿಲ್ಲ’. ಕೆಳಗೆ ತಾಯಿಯ ಹೆಸರು, ತಂದೆಯ ಹೆಸರು, ಮೊಟ್ಟೆಯೊಡೆದ ದಿನ. ಪಕ್ಕದಲ್ಲಿ ಆ ಮರಿಯ ಕುತ್ತಿಗೆಯ ಮೊದಲ ಐದು ಪಟ್ಟೆಗಳ ಪೆನ್ಸಿಲ್ ಚಿತ್ರ. ಹಾವು ಎಷ್ಟೇ ಉದ್ದವಾಗಲಿ, ಪಟ್ಟೆಯ ಆಕಾರ ಬದಲಾಗುವುದಿಲ್ಲ. ಹಾಗಾಗಿ ಚೀಟಿ ಯಾವ ಹಾವಿನದು ಎಂಬ ಜಗಳವೇ ಇಲ್ಲ. ಅದೇ ಚಿತ್ರದ ನಕಲು, ಕೊಂಡವರ ಹೆಸರು ಬರೆದು, ಅವಳ ಮನೆಯ ಬೀರುವಿನಲ್ಲಿ ಇರುತ್ತದೆ.

ಈ ಚಾಳಿ ಅವಳಿಗೆ ಹಾವಿನಿಂದ ಬಂದದ್ದಲ್ಲ, ಹಸುವಿನಿಂದ ಬಂದದ್ದು. ಹತ್ತೊಂಬತ್ತನೆಯ ವಯಸ್ಸಿಗೇ ಅವಳು ನೆದರ್ಲೆಂಡ್ಸಿನ ಫ್ರೀಸ್‌ಲಾಂಡಿನ ಹಸುಗಳ ವಂಶಾವಳಿ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದಳು. ಆಗಿನ್ನೂ ಕಿವಿಗೆ ಹಳದಿ ಬಿಲ್ಲೆ ಚುಚ್ಚುವ ಕಾಲ ಬಂದಿರಲಿಲ್ಲ. ಎಲ್ಲಿ ಕರು ಹುಟ್ಟಿದರೂ ಬಾವ್ಕೆ ಮೊಪೆಡ್ ಹತ್ತಿ ಹೋಗಬೇಕು. ಅಚ್ಚು ಹಾಕಿದ ಹಸುವಿನ ಗೆರೆಯೊಳಗೆ ಎಡಮೈ, ಬಲಮೈ, ಮುಖ, ಎಲ್ಲಿ ಕಪ್ಪು ಎಲ್ಲಿ ಬಿಳುಪು ಎಂದು ಕೂದಲೆಳೆ ತಪ್ಪದಂತೆ ತುಂಬಬೇಕು. ಕರು ಒಂದು ಕ್ಷಣ ಸುಮ್ಮನೆ ನಿಲ್ಲುತ್ತದೆಯೇ? ಒದೆ ತಿಂದು, ಸಗಣಿ ಮೆತ್ತಿಸಿಕೊಂಡು, ಹದಿನೆಂಟು ವರ್ಷದಲ್ಲಿ ಅವಳು ಬರೆದ ಚಿತ್ರಗಳು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ಕಪ್ಪು ಬಿಳುಪಿನ ಹಸು ಒಮ್ಮೊಮ್ಮೆ ಕೆಂಪು ಕರು ಹಾಕುತ್ತದೆ. ಕೆಂಪು ಎಲ್ಲಿಂದಲೋ ಉದುರುವುದಿಲ್ಲ, ತಾಯಿಯಲ್ಲೂ ಹೋರಿಯಲ್ಲೂ ಅಡಗಿದ್ದದ್ದೇ ಹೊರಬರುವುದು. ಆ ಕಾಲಕ್ಕೆ ಅದು ಇಡೀ ಕೊಟ್ಟಿಗೆಗೆ ಕಳಂಕ. ಒಮ್ಮೆ ಒಬ್ಬ ರೈತನ ಹೆಂಡತಿ ಬಾವ್ಕೆಗೆ ಕಾಫಿ ಕೊಟ್ಟು, ಗುಲಾಬಿ ಬಣ್ಣದ ಕೇಕಿನ ಎರಡು ತುಂಡು ಇಟ್ಟು, ಮೆಲ್ಲಗೆ ಶುರುಮಾಡಿದಳು.

"ಆ ಕರು ಸತ್ತೇ ಹುಟ್ಟಿತು ಅಂತ ಬರ್ಕೊಳೇ ತಾಯಿ. ನಿನ್ನ ಗಂಟೇನು ಹೋಗುತ್ತೆ?"

"ಅಲ್ಲೇ ಕೂಗ್ತಾ ಇದೆಯಲ್ಲಮ್ಮ, ಸತ್ತಿರೋದು ಹೇಗೆ ಕೂಗುತ್ತೆ?" ಎಂದಳು ಬಾವ್ಕೆ. ಕೊಟ್ಟಿಗೆಗೆ ಹೋಗಿ ‘ಕೆಂಪು’ ಎಂದು ಬರೆದುಕೊಂಡು ಬಂದಳು. ಹನ್ನೊಂದು ವರ್ಷ ಆ ಮನೆಯಲ್ಲಿ ಅವಳಿಗೆ ಒಂದು ಲೋಟ ಕಾಫಿ ಹುಟ್ಟಲಿಲ್ಲ. ಬೇರೆಯವರು ಗೋಡೆಗೆ ತೂಗುಹಾಕಿದ ಪದಕ ತೋರಿಸುವ ಹಾಗೆ ಅವಳು ಈ ಕಥೆ ಹೇಳುತ್ತಾಳೆ. ಹೇಳಲಿ ಬಿಡಿ, ಹೇಳುವಂಥದ್ದೇ.

ಕಂಪ್ಯೂಟರ್ ಬಂತು, ಕಿವಿಬಿಲ್ಲೆ ಬಂತು, ಕೆಲಸ ಹೋಯಿತು. ಆಗ ಅವಳಿಗೆ ಮೂವತ್ತೇಳು. ಹಸುಗಳ ಓಡಾಟದಲ್ಲಿ ಪರಿಚಯವಾಗಿದ್ದ ಪಶುವೈದ್ಯರೊಬ್ಬರು, ಯಾರೋ ಬಿಟ್ಟುಹೋಗಿದ್ದ ಜೋಳದ ಹಾವೊಂದನ್ನು ದಿಂಬಿನ ಚೀಲದಲ್ಲಿ ಹಾಕಿ ತಂದು "ನಾಲ್ಕು ದಿನ ಇಟ್ಕೋ" ಎಂದರು. ಬಾವ್ಕೆ ಚೀಲ ಬಿಚ್ಚಿದವಳೇ ಪೆನ್ಸಿಲ್ ಹುಡುಕಿದಳು. ಪಟ್ಟೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಸೀಟ್ಸೆ ಅಡುಗೆಮನೆಯ ಕುರ್ಚಿಯ ಮೇಲೆ ಹತ್ತಿ ನಿಂತು, "ಹಸು ಆದ್ರೆ ಹಾಲಾದ್ರೂ ಕೊಡ್ತಿತ್ತಲ್ಲೇ!" ಎಂದು ಕೂಗಿದ. ಆ ನಾಲ್ಕು ದಿನ ಮೂವತ್ತೊಂದು ವರ್ಷವಾಯಿತು. ಸೀಟ್ಸೆ ಇವತ್ತಿಗೂ ಒಂದು ಹಾವನ್ನು ಮುಟ್ಟಿದವನಲ್ಲ. ಆದರೆ ಅವುಗಳಿಗೆ ಮರದ ಗೂಡು ಮಾಡಿದವನೂ, ಪ್ರತಿ ಮೇಳಕ್ಕೂ ಕಾರು ಓಡಿಸಿದವನೂ ಅವನೇ. ಹಾವುಗಳಿಗೆ ಅವಳು ಹಸುಗಳ ಹೆಸರನ್ನೇ ಇಟ್ಟಳು, ವಂಶದ ಸಂಖ್ಯೆ ಸಮೇತ: ಟ್ಯಾಟ್ಸ್ಕೆ ಏಳು, ಹಿಸ್ಕೆ ಒಂಬತ್ತು. ನೇರಳೆ ಗಂಡಿಗೆ ಸ್ಯೂರ್ಡ್ ಎಂದು ಹೆಸರು.

ಹೀಗಿದ್ದವಳಿಗೆ ಒಂದು ಆಗಸ್ಟಿನಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನಿಂದ ಪತ್ರ ಬಂತು. ಬರೆದವನು ಎಕಾರ್ಟ್ ಎಂಬ ಗಣಿತದ ಮೇಷ್ಟ್ರು. ಮೂರು ವರ್ಷದ ಹಿಂದೆ ಅವಳಿಂದ ಒಂದು ಗಂಡು ಒಂದು ಹೆಣ್ಣು ಮರಿ ಕೊಂಡಿದ್ದ. ಎರಡರ ಚೀಟಿಯಲ್ಲೂ ‘ಖಂಡಿತ’. ಈಗ ಹದಿನೇಳು ಮೊಟ್ಟೆ ಒಡೆದಿವೆ, ಹದಿನೇಳೂ ಕಿತ್ತಳೆ, ಒಂದೇ ಒಂದು ನೇರಳೆ ಇಲ್ಲ. ‘ಇದು ಬರೀ ದುರದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ. ತಮ್ಮ ಚೀಟಿ ತಪ್ಪೆಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ, ಆದರೆ ಲೆಕ್ಕ ಹಾಗೆ ಹೇಳುತ್ತಿದೆ’ ಎಂದು ಬರೆದಿದ್ದ.

ಬಾವ್ಕೆಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಎತ್ತಿದಳು.

"ಹಾವು ಅದಲುಬದಲು ಮಾಡ್ಕೊಂಡಿದೀರ, ಇಲ್ಲಾ ಮೊಟ್ಟೆ ಅದಲುಬದಲು ಮಾಡ್ಕೊಂಡಿದೀರ. ನನ್ನ ಚೀಟಿಗೆ ಯಾಕ್ರೀ ಕೈ ಹಾಕ್ತೀರಿ?"

"ಫ್ರೌ ತೆರ್ಪ್ಸ್ತ್ರಾ, ನನ್ನ ಮನೇಲಿರೋದೇ ಎರಡು ಹಾವು," ಎಂದ ಮೇಷ್ಟ್ರು, ತರಗತಿಯಲ್ಲಿ ಹೇಳುವಷ್ಟೇ ಸಮಾಧಾನವಾಗಿ. "ಶನಿವಾರ ತರ್ತೀನಿ. ನೀವೇ ನೋಡಿ."

ಶನಿವಾರ ಬಂದ. ಬಟ್ಟೆಚೀಲದಿಂದ ಗಂಡುಹಾವನ್ನು ತೆಗೆದು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟ. ಸೀಟ್ಸೆ ಹಿತ್ತಿಲಿಗೆ ಹೋದ. ಬಾವ್ಕೆ ಭೂತಗನ್ನಡಿ ಹಿಡಿದು ಮೊದಲನೆಯ ಪಟ್ಟೆ ನೋಡಿದಳು, ಎರಡನೆಯದು ನೋಡಿದಳು, ಐದೂ ನೋಡಿದಳು. ಅವಳ ಚಿತ್ರದಲ್ಲಿದ್ದದ್ದೇ ಹಾವಿನ ಮೇಲಿತ್ತು. ಹೆಣ್ಣಿನದೂ ಹಾಗೆಯೇ. ಅಂದರೆ ಮೇಷ್ಟ್ರು ಪ್ರಾಮಾಣಿಕ. ಅಂದರೆ ತಪ್ಪು ಇರುವುದು ಚೀಟಿಯಲ್ಲಿ. ಅವಳು ಭೂತಗನ್ನಡಿ ಕೆಳಗಿಟ್ಟಳು.

"ಫೋನಲ್ಲಿ ಏನೇನೋ ಅಂದ್ಬಿಟ್ಟೆ," ಎಂದಳು. "ಕಾಫಿ ಕುಡೀರಿ. ನಂಗೆ ಮೇಳದವರೆಗೆ ಟೈಮ್ ಕೊಡಿ."

ಅವನು ಹೋದಮೇಲೆ ಬೀರು ತೆಗೆದಳು. ಹೆಣ್ಣುಹಾವಿನ ತಾಯಿ ಅವಳ ಮನೆಯಲ್ಲೇ ಹುಟ್ಟಿದ್ದು, ಅದರಲ್ಲಿ ಅನುಮಾನವಿಲ್ಲ. ಗಂಡುಹಾವಿನ ತಾಯಿ ಟ್ಯಾಟ್ಸ್ಕೆ ಏಳು. ಆ ಸಲದ ಹದಿನಾಲ್ಕು ಮರಿಗಳ ಹದಿನಾಲ್ಕು ಚಿತ್ರಗಳನ್ನೂ ಮೇಜಿನ ಮೇಲೆ ಹರಡಿದಳು. ಅವಳ ಕಣ್ಣಿಗೆ ಇಂಥದ್ದು ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರ ಗಂಡಿನದೂ ಸೇರಿ ಆರು ಚಿತ್ರಗಳಲ್ಲಿ ಎರಡನೆಯ ಪಟ್ಟೆಯೂ ಮೂರನೆಯದೂ ಅಂಟಿಕೊಂಡು ಒಂದೇ ಉದ್ದ ಪಟ್ಟೆಯಾಗಿತ್ತು. ಸ್ಯೂರ್ಡನಿಗೆ ಅದಿಲ್ಲ. ಟ್ಯಾಟ್ಸ್ಕೆಗೂ ಇಲ್ಲ. ಸ್ಯೂರ್ಡನಿಗೆ ಬೇರೆ ಹೆಣ್ಣುಗಳಲ್ಲಿ ಹುಟ್ಟಿದ ಎಂಬತ್ತು ಮಕ್ಕಳಲ್ಲಿ ಒಂದಕ್ಕೂ ಇಲ್ಲ. ಹಸುವಿನಲ್ಲಾಗಿದ್ದರೆ ಅವಳು ಮೊದಲ ನೋಟಕ್ಕೇ "ಇದರ ಅಪ್ಪ ಯಾರು?" ಎಂದು ಕೇಳಿರುತ್ತಿದ್ದಳು. ಇಲ್ಲಿ ಕೇಳಿರಲಿಲ್ಲ. ತನ್ನ ಕೈಯಾರೆ ಹದಿನಾಲ್ಕು ಚಿತ್ರ ಬರೆದು, ಒಂದನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಿರಲಿಲ್ಲ. ಥೂ, ನನ್ನ ಕಣ್ಣಿಗೆ ಬೆಂಕಿ ಬೀಳ, ಎಂದು ತನ್ನನ್ನು ತಾನೇ ಬೈದುಕೊಂಡಳು.

ಟ್ಯಾಟ್ಸ್ಕೆ ಅವಳ ಮನೆಯಲ್ಲಿ ಹುಟ್ಟಿದ್ದಲ್ಲ. ಡೊಕ್ಕುಮ್ ಊರಿನ ಊನೆಯಿಂದ ತಂದದ್ದು. ಊನೆ ಬಸ್ಸು ಓಡಿಸಿ ನಿವೃತ್ತನಾದವನು, ಮೇಳದಲ್ಲಿ ಇಪ್ಪತ್ತು ವರ್ಷದಿಂದ ಪಕ್ಕದ ಮೇಜಿನವನು. ಬಾವ್ಕೆ ಹದಿನಾಲ್ಕು ಕಾಗದ ಕಂಕುಳಲ್ಲಿಟ್ಟುಕೊಂಡು ಅವನ ಮನೆಗೆ ಹೋದಳು.

"ನಿನ್ನ ಹಳೇ ಗಂಡು ಯಪ್ಪೆ ಇದಾನಲ್ಲ, ಅವನ್ನ ತೋರ್ಸು."

ಊನೆ ಗೂಡಿನ ಬಾಗಿಲು ತೆಗೆದ. ಯಪ್ಪೆ ಮೆಲ್ಲಗೆ ತಲೆ ಹೊರಗೆ ಹಾಕಿತು. ಕುತ್ತಿಗೆಯ ಮೇಲೆ ಎರಡನೆಯ ಪಟ್ಟೆಯೂ ಮೂರನೆಯದೂ ಅಂಟಿಕೊಂಡಿದ್ದವು.

"ನಾನೇನು ಸುಳ್ಳು ಹೇಳ್ಲಿಲ್ಲ ಕಣೇ," ಎಂದ ಊನೆ, ಮುಖ ಸಪ್ಪಗೆ ಮಾಡಿಕೊಂಡು. "ಟ್ಯಾಟ್ಸ್ಕೇನ ಕೊಡುವಾಗ, ಹೋದ ವಸಂತದಿಂದ ಅದು ಗಂಡಿನ ಮುಖ ನೋಡಿಲ್ಲ ಅಂದಿದ್ದೆ. ನಿಜಾನೇ ಅಂದಿದ್ದೆ."

ನಿಜವೇ. ಹೆಣ್ಣುಹಾವು ಒಂದು ಗಂಡಿನ ಬೀಜವನ್ನು ವರ್ಷ ದಾಟಿದರೂ ಒಳಗೇ ಕಾಪಾಡಿಕೊಂಡು, ಮುಂದೊಂದು ಸಲ ಹೊಸ ಗಂಡಿನದರ ಜೊತೆಗೇ ಅದನ್ನೂ ಮೊಟ್ಟೆಗೆ ಕೊಡಬಲ್ಲದು. ಹಾವು ಸಾಕುವವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ಎಲ್ಲರೂ ‘ಒಂದು ವರ್ಷ ಬಿಟ್ಟರೆ ಸಾಕು’ ಎನ್ನುತ್ತಾರೆ. ಬಾವ್ಕೆಯೂ ಹಾಗೆಯೇ ಅಂದುಕೊಂಡಿದ್ದಳು. ಸ್ಯೂರ್ಡ್ ಟ್ಯಾಟ್ಸ್ಕೆಯ ಜೊತೆ ಸೇರಿದ್ದನ್ನು ಕಣ್ಣಾರೆ ಕಂಡಿದ್ದಳು, ತಂದೆ ಎಂದು ಬರೆದಿದ್ದಳು. ಸೇರಿದ್ದನ್ನು ಕಂಡದ್ದು ಸರಿ, ತಂದೆಯಾದದ್ದನ್ನು ಎಲ್ಲಿ ಕಂಡಳು?

"ಈಗೇನ್ಮಾಡ್ತೀಯ?" ಎಂದು ಕೇಳಿದ ಊನೆ.

"ಪಟ್ಟೆ ಅಂಟಿಲ್ದೇ ಇರೋವೂ ಯಪ್ಪೇದೇ ಇರಬಹುದು. ಹದಿನಾಲ್ಕೂ ಅನುಮಾನದ್ದೇ. ಮೂರು ನನ್ನ ಹತ್ರಾನೇ ಇವೆ. ಹನ್ನೊಂದು ಮಾರಿದೀನಿ. ಎಲ್ಲರಿಗೂ ಹೇಳ್ಬೇಕು."

"ಅಯ್ಯೋ ಮಾರಾಯ್ತಿ! ಬಂದಿರೋನು ಒಬ್ಬ ಮೇಷ್ಟ್ರು. ಅವನಿಗೆ ಎರಡು ಒಳ್ಳೇ ಮರಿ ಕೊಟ್ಟು ಕಳಿಸು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಇನ್ನು ಹತ್ತು ಜನ ಕೇಳಿದಾರಾ? ಒಂದು ಸಲ ಬಾಯಿಬಿಟ್ಟೆ ಅಂದ್ರೆ ನಿನ್ನ ಮೂವತ್ತು ವರ್ಷದ ಚೀಟಿಗಳ್ನೆಲ್ಲ ಜನ ತಿರುಗಿಸಿ ತಿರುಗಿಸಿ ನೋಡ್ತಾರೆ."

"ನೋಡ್ಲಿ ಬಿಡು."

"ಹೆಸರು ಹೋದ್ರೆ ನಿನ್ನ ಖಂಡಿತಾನ ಯಾವ ನಾಯೀನೂ ಮೂಸಿ ನೋಡಲ್ಲ ಕಣೇ!"

"ಆಗ್ಲಿ. ಸುಳ್ಳು ಖಂಡಿತ ಅಂತ ಗೊತ್ತಾದ್ಮೇಲೂ ಅದು ಅಲ್ಲಿ ಹನ್ನೊಂದು ಮನೇಲಿ ನನ್ನ ಸಹಿ ಹಾಕ್ಕೊಂಡು ಕೂತಿದ್ರೆ ನಂಗೆ ಅನ್ನ ಇಳಿಯಲ್ಲ," ಎಂದಳು ಬಾವ್ಕೆ, ಕಡ್ಡಿ ಮುರಿದ ಹಾಗೆ.

ಹನ್ನೊಂದು ಪತ್ರ ಬರೆದಳು. ಎರಡು ‘ವಿಳಾಸದಲ್ಲಿಲ್ಲ’ ಎಂದು ಹಿಂದಕ್ಕೆ ಬಂದವು. ಅವರಿಬ್ಬರನ್ನು ಹುಡುಕಲು ಉಳಿದದ್ದು ಮೇಳ ಒಂದೇ. ಸೀಟ್ಸೆ ಒಂದು ಹಲಗೆ ಹೆರೆದು ಬಿಳಿ ಬಣ್ಣ ಬಳಿದುಕೊಟ್ಟ. ಅದರ ಮೇಲೆ ಅವಳು ದಪ್ಪ ಅಕ್ಷರದಲ್ಲಿ ಬರೆದಳು: ‘ಮೂರು ವರ್ಷದ ಹಿಂದೆ ಟ್ಯಾಟ್ಸ್ಕೆ ಏಳರ ಮರಿ ಕೊಂಡವರು ಗಮನಿಸಿ. ನನ್ನ ಚೀಟಿ ತಪ್ಪು. ಖಂಡಿತ ಎಂದಿರುವಲ್ಲಿ ಗೊತ್ತಿಲ್ಲ ಎಂದು ಓದಿಕೊಳ್ಳಿ. ಹಣ ವಾಪಸು. ಬಾವ್ಕೆ ತೆರ್ಪ್ಸ್ತ್ರಾ.’

ಸೀಟ್ಸೆ ಅದನ್ನು ಎರಡು ಸಲ ಓದಿದ. "ಅಕ್ಷರ ಇನ್ನೂ ಸ್ವಲ್ಪ ಸಣ್ಣಗೆ ಬರೀಬಹುದಿತ್ತೇನೋ," ಎಂದ.

"ಖಂಡಿತ ಅಂತ ಬರೆದಾಗ ಸಣ್ಣಗೆ ಬರೆದಿದ್ನಾ?" ಎಂದಳು ಅವಳು. ಅವನು ತೆಪ್ಪಗೆ ಹಲಗೆಯನ್ನು ಕಾರಿಗೆ ಏರಿಸಿದ.

ಸೆಪ್ಟೆಂಬರಿನ ಮೇಳದ ಬೆಳಗ್ಗೆ ಬಾಗಿಲು ತೆಗೆಯಿತು. ಓಡೋಡಿ ಬಂದವರು ಹಲಗೆಯ ಮುಂದೆ ಗಕ್ಕನೆ ನಿಂತರು. ಓದಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ತಲೆಯಾಡಿಸಿ ಮುಂದೆ ಹೋದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅರ್ಧ ಗಂಟೆ ಕಳೆದರೂ ಅವಳ ಡಬ್ಬಿಗಳು ತುಂಬಿಯೇ ಇದ್ದವು. ಇನ್ನೊಂದು ಮಾತೂ ಇತ್ತು: ಆ ವರ್ಷ ಹಿಸ್ಕೆ ಒಂಬತ್ತಕ್ಕೆ ಹುಟ್ಟಿದ ಹನ್ನೆರಡು ಮರಿಗಳ ಚೀಟಿಗಳಲ್ಲಿ ಒಂದರಲ್ಲೂ ‘ಖಂಡಿತ’ ಇರಲಿಲ್ಲ. ಹನ್ನೆರಡಕ್ಕೂ ಅವಳು ‘ಇರಬಹುದು’ ಎಂದೇ ಬರೆದಿದ್ದಳು. ಎದುರು ಸಾಲಿನಲ್ಲಿ ಹೋದ ವರ್ಷವಷ್ಟೇ ಅಂಗಡಿ ಹೂಡಿದ ಒಬ್ಬ, ತಾಯಿತಂದೆಯ ಹೆಸರೂ ಇಲ್ಲದ ಡಬ್ಬಿಗಳಿಗೆಲ್ಲ ‘ಖಂಡಿತ’ ಎಂದು ಅಂಟಿಸಿಕೊಂಡು ಅರ್ಧ ಬೆಲೆಗೆ ಕೊಡುತ್ತಿದ್ದ. ಅಲ್ಲಿ ಜನವೋ ಜನ.

ಹತ್ತು ಗಂಟೆಯ ಸುಮಾರಿಗೆ ಬ್ರೇಮೆನ್ನಿನ ಗೇಷೆ ಬಂದಳು. ಮೂವತ್ತರ ಹೆಣ್ಣುಮಗಳು, ಪತ್ರ ಹಿಂದಕ್ಕೆ ಬಂದ ಇಬ್ಬರಲ್ಲಿ ಒಬ್ಬಳು. ಹಲಗೆ ಓದಿದವಳ ಮುಖ ಕೆಂಪಗಾಯಿತು.

"ನಿಮ್ಮ ಚೀಟಿ ನಂಬ್ಕೊಂಡು ನಾನು ಚೀಟಿ ಬರೆದೆ! ಆರು ಮರಿ ಮಾರಿದೀನಿ, ನನ್ನ ಸಹಿ ಹಾಕಿ! ಬಾವ್ಕೆ ಹಾವು, ಕಣ್ಣು ಮುಚ್ಕೊಂಡು ತಗೊಳ್ಳಿ ಅಂತ ಹೇಳಿ ಹೇಳಿ ಮಾರಿದೆ. ಈಗ ಆ ಆರು ಜನಕ್ಕೆ ನಾನೇನಂತ ಮುಖ ತೋರಿಸ್ಲಿ, ಹೇಳಿ?"

ಅಕ್ಕಪಕ್ಕದ ಮೇಜಿನವರೆಲ್ಲ ಕತ್ತು ಚಾಚಿದರು. ಊನೆ ಬಾಯಿ ತೆಗೆಯಹೋದ, ಬಾವ್ಕೆ ಕಣ್ಣಲ್ಲೇ ತಡೆದಳು.

"ಬೈಯಮ್ಮ," ಎಂದಳು. "ತಪ್ಪು ನಂದೇ. ಬೈದಾದ್ಮೇಲೆ ಇಲ್ಲಿ ಕೂತ್ಕೋ, ಹೇಗಾಯ್ತು ಅಂತ ತೋರಿಸ್ತೀನಿ."

ಗೇಷೆ ಬೈಯುವಷ್ಟು ಬೈದಳು. ಆಮೇಲೆ ಕೂತಳು. ಬಾವ್ಕೆ ಹದಿನಾಲ್ಕು ಚಿತ್ರ ಹರಡಿದಳು, ಅಂಟಿದ ಪಟ್ಟೆ ತೋರಿಸಿದಳು, ಯಪ್ಪೆಯ ಚಿತ್ರ ಪಕ್ಕಕ್ಕಿಟ್ಟಳು. ಗೇಷೆ ಒಂದೊಂದನ್ನೇ ಎತ್ತಿ ನೋಡಿದಳು.

"ಇದನ್ನ ನಾನೂ ಬರೆದಿಡಬೇಕಿತ್ತು," ಎಂದಳು ಕೊನೆಗೆ. "ನಾನು ಬರೀ ಹೆಸರು ಬರೆದೆ." ಹಣ ತೆಗೆದುಕೊಂಡಳು, ಆ ಆರು ಜನಕ್ಕೆ ಕಳಿಸಲೆಂದು ಬಾವ್ಕೆಯ ಪತ್ರದ ನಕಲನ್ನೂ ತೆಗೆದುಕೊಂಡಳು, ಹೋಗುವಾಗ ತಿರುಗಿ ನೋಡಲಿಲ್ಲ. ಬಾವ್ಕೆಗೆ ಅದು ಚುರುಕ್ಕೆಂದಿತು, ಆದರೂ ತಡೆದುಕೊಂಡಳು. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ಮಧ್ಯಾಹ್ನದ ಹೊತ್ತಿಗೆ ಮಾರಾಟವಾದದ್ದು ಒಂದು ಮರಿ. ಸೀಟ್ಸೆ ಬ್ರೆಡ್ಡು ಚೀಸು ಮುಂದಿಟ್ಟ, ಅವಳು ಮುಟ್ಟಲಿಲ್ಲ. ಆಗ ಎಕಾರ್ಟ್ ಮೇಷ್ಟ್ರು ಬಂದ. ಹಲಗೆ ಓದಿದ. ಅವಳು ಲಕೋಟೆ ಚಾಚಿದಳು, ಅವನು ಸಂಕೋಚವಿಲ್ಲದೆ ಜೇಬಿಗಿಟ್ಟ. ಆಮೇಲೆ ಡಬ್ಬಿಗಳ ಮೇಲೆ ಬಗ್ಗಿ ಒಂದು ಗಂಡುಮರಿಯನ್ನು ಆರಿಸಿ, ಅದರ ಚೀಟಿಯನ್ನು ಕನ್ನಡಕ ಏರಿಸಿ ಓದಿದ.

"ಇದರ ತಾಯಿ ಹಿಸ್ಕೆ ಒಂಬತ್ತು. ಎಲ್ಲಿಂದ ತಂದಿದ್ದು?"

"ಎಲ್ಲಿಂದಾನೂ ಇಲ್ಲ. ನನ್ನ ಮನೇಲೇ ಮೊಟ್ಟೆಯೊಡೆದಿದ್ದು, ಐದು ವರ್ಷ ಆಯ್ತು."

"ಮನೆಯಿಂದ ಹೊರಗೆ ಹೋಗಿತ್ತಾ?"

"ಹೊಸ್ತಿಲು ದಾಟಿಲ್ಲ."

"ಸ್ಯೂರ್ಡ್ ಬಿಟ್ಟು ಬೇರೆ ಗಂಡು?"

"ಛೆ! ಅದರ ಗೂಡಿಗೆ ಸ್ಯೂರ್ಡ್ ಬಿಟ್ಟು ಇನ್ನೊಂದು ಗಂಡಿನ ನೆರಳೂ ಬಿದ್ದಿಲ್ಲ."

"ಸ್ಯೂರ್ಡ್ ನೇರಳೆ. ಹಾಗಿದ್ಮೇಲೆ ಈ ಮರೀಲಿ ನೇರಳೆ ಇದೆಯೋ ಇಲ್ವೋ?"

"ಇದ್ದೇ ಇರುತ್ತೆ, ಎಲ್ಲಿಗೆ ಹೋಗುತ್ತೆ?"

"ಮತ್ತೆ ಇಲ್ಲಿ ‘ಇರಬಹುದು’ ಅಂತ ಯಾಕೆ ಬರೆದಿದೀರಿ?"

ಬಾವ್ಕೆ ಡಬ್ಬಿಯ ಮುಚ್ಚಳ ಸರಿಮಾಡತೊಡಗಿದಳು.

"ಭಯಕ್ಕೆ ಬರೆದಿದೀರಿ, ಫ್ರೌ ತೆರ್ಪ್ಸ್ತ್ರಾ," ಎಂದ ಮೇಷ್ಟ್ರು. "ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದ್ರೆ ತಪ್ಪು, ಒಪ್ಕೊಂಡ್ರಿ. ಗೊತ್ತಿರೋದನ್ನ ಗೊತ್ತಿಲ್ಲ ಅಂತ ಬರೆಯೋದೂ ತಪ್ಪು ಚೀಟೀನೇ. ನನ್ನ ಹುಡುಗರು ಪರೀಕ್ಷೇಲಿ ಹೀಗೆ ಬರೆದ್ರೆ ನಾನು ಸೊನ್ನೆ ಕೊಡ್ತೀನಿ."

ಊನೆಗೆ ನಗು ತಡೆಯಲಾಗಲಿಲ್ಲ, ಬೇರೆ ಕಡೆ ತಿರುಗಿದ. ಬಾವ್ಕೆಯ ಮೂಗಿನ ತುದಿ ಕೆಂಪಗಾಯಿತು. ಅರವತ್ತೆಂಟು ವರ್ಷದ ಹೆಂಗಸಿಗೆ, ಅವಳ ಸ್ವಂತ ಮೇಜಿನ ಮುಂದೆ ನಿಂತು, ಸೊನ್ನೆ ಕೊಡುತ್ತೇನೆ ಎನ್ನುವುದೆಂದರೇನು! ಮೇಷ್ಟ್ರ ಕೈಯಿಂದ ಚೀಟಿ ಕಿತ್ತುಕೊಂಡಳು. ಹರಿದು ಎರಡು ತುಂಡು ಮಾಡಿದಳು. ಹೊಸ ಕಾಗದ ತೆಗೆದು, ಮರಿಯ ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡು, ಐದು ಪಟ್ಟೆಗಳನ್ನು ಮತ್ತೆ ಬರೆದಳು. ತಾಯಿ, ತಂದೆ, ಹುಟ್ಟಿದ ದಿನ. ಅದರ ಕೆಳಗೆ, ಹಿಂದೆಂದೂ ಬರೆದಿರದ ಒಂದು ಸಾಲು: ‘ತಾಯಿ ನನ್ನ ಮನೆಯಲ್ಲೇ ಹುಟ್ಟಿದ್ದು, ಬೇರೆ ಗಂಡನ್ನು ಕಂಡಿಲ್ಲ, ಇದು ನಾನೇ ಕಂಡದ್ದು.’ ಆಮೇಲೆ ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ಆ ಒಂದು ಮಾತು ಬರೆಯಲು ಕೈ ಬಾರದು. ಸೀಟ್ಸೆ ಅವಳನ್ನೇ ನೋಡುತ್ತಿದ್ದ. ಮೇಷ್ಟ್ರು ಅವಸರ ಮಾಡಲಿಲ್ಲ.

"ಬರಿಯೇ ಬಾವ್ಕೆ," ಎಂದ ಸೀಟ್ಸೆ. "ನಿಂಗೆ ಗೊತ್ತಿದೆಯಲ್ಲ."

ಬರೆದಳು. ಒತ್ತಿ ಬರೆದಳು, ಹಲಗೆಯ ಮೇಲೆ ಬರೆದಷ್ಟೇ ದಪ್ಪಗೆ: ‘ಖಂಡಿತ’. ಸಹಿ ಹಾಕಿ ಮೇಷ್ಟ್ರ ಮುಂದಕ್ಕೆ ತಳ್ಳಿದಳು. ಅವನು ಓದಿ, ಒಂದು ಸಲ ತಲೆದೂಗಿ, ಜೇಬಿಗೆ ಕೈ ಹಾಕಿದ. ಕೈಗೆ ಬಂದದ್ದು ಅವಳು ಈಗ ತಾನೇ ಕೊಟ್ಟ ಲಕೋಟೆ.

"ನಲವತ್ತು ಯೂರೋ ಅಂತ ಡಬ್ಬಿ ಮೇಲಿದೆ," ಎಂದ.

"ಅದು ‘ಇರಬಹುದು’ ಚೀಟಿಯ ಬೆಲೆ ಕಣ್ರೀ," ಎಂದಳು ಬಾವ್ಕೆ, ಉಳಿದ ಹತ್ತು ಚೀಟಿಗಳನ್ನೂ ಹರಿಯಲು ಒಟ್ಟುಮಾಡುತ್ತ. "ಇದಕ್ಕೆ ನೂರೈವತ್ತು."

ಮೇಷ್ಟ್ರು ನಗುತ್ತ ನೂರೈವತ್ತು ಎಣಿಸಿದ. ಅವನ ಹಿಂದೆ, ಎದುರು ಸಾಲಿನಿಂದ ಇತ್ತ ಬಂದ ಇಬ್ಬರು ಹಲಗೆ ಓದುತ್ತ ನಿಂತಿದ್ದರು. "ನಿಲ್ಲಿ, ಬರೆದುಕೊಡ್ತೀನಿ," ಎಂದು ಅವರಿಗೆ ಹೇಳಿ, ಬಾವ್ಕೆ ಇನ್ನೊಂದು ಡಬ್ಬಿಯನ್ನು ಮುಂದಕ್ಕೆಳೆದುಕೊಂಡಳು.